ಹಿತೈಷಿಯ ಕುರ್ಚಿ

6 ಜುಲೈ 1958, ಭಾನುವಾರ. ಸಂಜೆ ಏಳು.

ಮೂವತ್ತೊಂದು ಕಾಪಿ ಪುಸ್ತಕ ತಿದ್ದಿದ್ದಾಯಿತು. ಇನ್ನೂ ಹನ್ನೆರಡಿವೆ. ಅಷ್ಟರಲ್ಲಿ ಗೋಡೆಯಾಚೆ ಶುರುವಾಯಿತು. ಕೆಂಪು ಪೆನ್ನು ಕೆಳಗಿಟ್ಟೆ.

ನನ್ನ ಹಿಂದಿನ ಕಿಟಕಿಗೂ ಮುನಿಗಂಗಪ್ಪನ ಹೋಟೆಲಿನ ಬೆಂಚಿಗೂ ನಡುವೆ ಮೂರಡಿ ಜಾಗವಿಲ್ಲ. ಇವತ್ತು ನಮ್ಮ ಶಿಡ್ಲಘಟ್ಟದ ಫುಟ್‌ಬಾಲ್ ಕ್ಲಬ್ಬು ಚಿಂತಾಮಣಿಯವರ ಕೈಲಿ ಸೋತಿದೆ. ನಾವು ಮೂರು, ಅವರು ನಾಲ್ಕು. ನೋಡಿಲ್ಲ, ಕೇಳಿದ್ದು ಅಷ್ಟೇ.

"ಆಟ ಅಂದ್ರೆ ಮುಂದಕ್ಕೆ ನುಗ್ಗೋದು ಕಣೋ! ಐದು ಜನ ಫಾರ್ವರ್ಡು ಒಟ್ಟಿಗೆ ಹೋಗ್ತಿದ್ರೆ ನೋಡೋಕೆ ಎಷ್ಟು ಚೆಂದ! ಮುನಿಶಾಮಪ್ಪ ಆಡಿಸ್ತಿರೋದು ಸರಿಯಾಗೇ ಐತೆ." ಇದು ವೆಂಕಟರಾಮಪ್ಪ. ರೇಷ್ಮೆ ನೂಲು ತೆಗೆಸುವ ರೀಲರು, ಕ್ಲಬ್ಬಿನ ಕಮಿಟಿಯವನು. ಮುನಿಶಾಮಪ್ಪ ಅಂದರೆ ಮ್ಯಾನೇಜರು. ಮಿಲಿಟರಿಯಿಂದ ರಿಟೈರಾಗಿ ಬಂದವರು.

"ನೀನು ಚೆಂದ ನೋಡ್ತಾ ಕೂತ್ಕೊಳಪ್ಪ. ನಮ್ಮ ಗೋಲ್ ಮುಂದೆ ಒಂದು ನಾಯಿನೂ ಇರ್ಲಿಲ್ಲ. ಕೆಜಿಎಫ್‌ನಿಂದ ಆ ಸೆಲ್ವರಾಜನ್ನ ಇನ್ನೂರು ರೂಪಾಯಿ ಕೊಟ್ಟು ತಂದ್ರಲ್ಲ, ಅವ್ನು ಹಾಕಿದ್ದು ಮೂರು, ಇವ್ರು ಬಿಟ್ಟಿದ್ದು ನಾಕು." ಇದು ಪೋಸ್ಟ್‌ಮ್ಯಾನ್ ಆವಲಪ್ಪ.

ವೆಂಕಟರಾಮಪ್ಪನಿಗೆ ನೂರಕ್ಕೆ ಹದಿನೈದು. ಆವಲಪ್ಪನಿಗೆ ಅರವತ್ತು — ರೋಗ ಗೊತ್ತು, ಮದ್ದು ಗೊತ್ತಿಲ್ಲ. ಮೈದಾನದ ನಡುವೆ ಆಡುವ ಸೆಂಟರ್ ಹಾಫನ್ನು ಹಿಂದಕ್ಕೆ ಕರೆದು, ಗೋಲಿನ ಮುಂದೆ ಕಾಯುವ ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸ್ರಪ್ಪ, ಅಷ್ಟೇ! ಗೋಡೆಗೆ ಹೇಳಿದೆ. ಇವತ್ತು ಬಾಯಿ ಬಿಟ್ಟು ಆಡಿದ ಮಾತು ಎರಡೇ. ಬೆಳಿಗ್ಗೆ ಹಾಲಿನವಳಿಗೆ 'ಅರ್ಧ ಸೇರು' ಅಂದದ್ದು, ಈಗ ಇದು.

9 ಜುಲೈ.

ಪೌಡರ್ ಡಬ್ಬಿಯಿಂದ ಹುಣಸೇ ಬೀಜ ತೆಗೆದೆ. ಹನ್ನೊಂದಿವೆ. ಗೋಲ್‌ಕೀಪರ್ ಬೀಜ ಮಾತ್ರ ದಪ್ಪದ್ದು.

ಇವೆಲ್ಲ ನಮ್ಮ ಯಜಮಾನರು ಆರಿಸಿಟ್ಟವು. ಕೆಜಿಎಫ್‌ನಲ್ಲಿದ್ದಾಗ ಊಟವಾದ ಮೇಲೆ ನೆಲದ ಮೇಲೆ ಹರಡಿ, "ಶ್ಯಾಮಲಾ, ಇಲ್ಲಿ ನೋಡು, ಇದು ನಾನು" ಎಂದು ನಡುವಿನದ್ದನ್ನು ತೋರಿಸುತ್ತಿದ್ದರು. ಗಣಿ ಆಫೀಸಿನಲ್ಲಿ ಗುಮಾಸ್ತರು, ಭಾನುವಾರ ಸೆಂಟರ್ ಹಾಫು. ನಾಲ್ಕು ವರ್ಷದ ಸಂಸಾರ. ಬೇರೆಯವರು ಏನೇನು ಮಾತಾಡಿಕೊಳ್ಳುತ್ತಾರೋ, ನಾವು ಇದನ್ನೇ ಮಾತಾಡಿದೆವು. ಆಮೇಲೆ ಆ ಟೈಫಾಯಿಡ್ ಜ್ವರ… ಆರು ವರ್ಷವಾಯಿತು.

ನಡುವಿನ ಬೀಜವನ್ನು ಹಿಂದಕ್ಕೆ ಸರಿಸಿದೆ. ಸರಿ ಕಾಣುತ್ತದೆ. ಯಾರಿಗೆ ಹೇಳಲಿ?

13 ಜುಲೈ, ಭಾನುವಾರ.

ಗೌರಿಬಿದನೂರಿನವರ ಕೈಲೂ ಸೋಲು. ನಾವು ಎರಡು, ಅವರು ಐದು!

ವೆಂಕಟರಾಮಪ್ಪ: "ಬೆಂಗಳೂರಿಂದ ಇನ್ನೊಬ್ಬ ಫಾರ್ವರ್ಡನ್ನ ತರಣ. ರೀಲರ್‌ಗಳೆಲ್ಲ ಸೇರಿ ದುಡ್ಡು ಎತ್ತಣ."

ಆವಲಪ್ಪ: "ಏಮಯ್ಯಾ, ಇರೋ ಐದು ಜನ ಸಾಲ್ದು ಅಂತ ಆರನೇವ್ನಾ? ಗೋಲ್‌ಕೀಪರ್‌ನೂ ಕರ್ಕೊಂಡು ಹೋಗ್ಬಿಡು ಮುಂದಕ್ಕೆ! ಕಂಬ ಎರಡು ಕಾಯ್ಕೊಂಡಿರ್ತವೆ."

ನಕ್ಕುಬಿಟ್ಟೆ. ಜೋರಾಗಿ. ನನ್ನ ನಗು ನನಗೇ ಗುರುತು ಸಿಗಲಿಲ್ಲ. ಆಮೇಲೆ ಆವಲಪ್ಪ ಮೆಲ್ಲಗೆ — "ಲೋ, ಅದು ಟೀಚರಮ್ಮನ ಕಿಟಕಿ ಕಣ್ರೋ. ಒಂಟಿ ಹೆಂಗಸು ಪಾಪ. ನಾವು ಬಾಯಿಗೆ ಬಂದಂಗೆ ಕೂಗಾಡ್ತೀವಿ."

14 ಜುಲೈ.

ಬೆಂಚು ಇಲ್ಲ. ಎತ್ತಿಕೊಂಡು ಹೋಗಿ ರಸ್ತೆಯಾಚೆ ಹೊಂಗೆ ಮರದ ಕೆಳಗೆ ಹಾಕಿಕೊಂಡಿದ್ದಾರೆ. ನನ್ನ ಮೇಲಿನ ಮರ್ಯಾದೆಗೆ. ಕಿಟಕಿಯಲ್ಲಿ ನಿಂತರೆ ಕೈ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ.

ಇಷ್ಟೊಂದು ಒಳ್ಳೆಯವರಾಗಬೇಕಿತ್ತೇ ಇವರು!

19 ಜುಲೈ, ಶನಿವಾರ.

ಐದು ದಿನದ ಮೌನ. ಇವತ್ತು ತಡೆಯಲಾಗಲಿಲ್ಲ. ಮುನಿಶಾಮಪ್ಪನವರಿಗೆ ಒಂದು ಕಾರ್ಡು ಬರೆದೆ. ಎಡಗೈಯಲ್ಲಿ — ಊರಿನ ಅರ್ಧ ಮನೆಗಳ ಕಾಪಿ ಪುಸ್ತಕಗಳಲ್ಲಿ ನನ್ನ ಅಕ್ಷರವಿದೆ.

'ಮ್ಯಾನೇಜರ್ ಸಾಹೇಬರಿಗೆ. ಸೆಂಟರ್ ಹಾಫ್ ಫಾರ್ವರ್ಡುಗಳ ಹಿಂದೆ ಓಡದೆ ಬ್ಯಾಕುಗಳ ನಡುವೆ ನಿಲ್ಲಲಿ. ಮುಂದೆ ಒಬ್ಬ ಕಡಿಮೆಯಾದರೆ ಆಟ ಸಾಯುವುದಿಲ್ಲ. ಹೊಸಬರನ್ನು ಕೊಳ್ಳುವ ಮೊದಲು ಇರುವವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ನೋಡಿ. — ಹಿತೈಷಿ.'

ಸ್ಕೂಲಿನ ಗೇಟಿನ ಅಂಚೆ ಡಬ್ಬಿಗೆ ಹಾಕಿದೆ.

27 ಜುಲೈ, ಭಾನುವಾರ.

ಟೂರ್ನಮೆಂಟು ಶುರುವಾಯಿತು, ಮೊದಲು ಚಿಕ್ಕಬಳ್ಳಾಪುರದವರು ಬಂದಿದ್ದರು. ಉಪ್ಪು ತರುವ ನೆಪದಲ್ಲಿ ಮೈದಾನದ ಪಕ್ಕದ ರಸ್ತೆ ಹಿಡಿದೆ. ಮನೆಯಲ್ಲಿ ಉಪ್ಪು ಇದೆ. ಬಿಸಿಲಿಲ್ಲದಿದ್ದರೂ ಛತ್ರಿ ಬಿಚ್ಚಿಕೊಂಡು ಆದಷ್ಟು ನಿಧಾನವಾಗಿ ನಡೆದೆ. ಕಳ್ಳಿ ಬೇಲಿಯ ಸಂದಿನಲ್ಲಿ ಕಂಡಿತು. ಸೆಂಟರ್ ಹಾಫ್ ಹಿಂದೆ ನಿಂತಿದ್ದಾನೆ! ನಾನು ಹೇಳಿದ ಜಾಗದಲ್ಲೇ!

ಒಂದು–ಸೊನ್ನೆ. ಗೆದ್ದೆವು.

ಗೆದ್ದೆವು ಎಂದು ಬರೆದು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆ.

17 ಆಗಸ್ಟ್.

ಇನ್ನೂ ಮೂರು ಕಾರ್ಡು ಹಾಕಿದೆ. ಒಂದು ಆಟವೂ ಸೋತಿಲ್ಲ. ಮುನಿಗಂಗಪ್ಪನ ಹೆಂಡತಿ ಓಬಳಮ್ಮ ಕರಿಬೇವು ಕೊಡಲು ಬಂದವಳು ಬಾಗಿಲಲ್ಲೇ ನಿಂತು — "ಯಾರೋ ಹಿತೈಷಿ ಅಂತೆ ಕಣಮ್ಮ, ಊರೆಲ್ಲಾ ಹುಡುಕ್ತಾವ್ರೆ. ಆಸ್ಪತ್ರೆ ಡಾಕ್ಟ್ರು ಅಂತಾರೆ ಕೆಲವ್ರು, ಹಳೇ ಅಮಲ್ದಾರ್ರು ಅಂತಾರೆ ಕೆಲವ್ರು. ಯಾರಾದ್ರೇನು, ಬಲೇ ತಲೆ ಆ ಯಪ್ಪಂದು."

ಕಾಫಿ ಕುಡಿದು ಹೋಗು ಅಂದೆ. ಅರ್ಧ ಗಂಟೆ ಹಿಡಿದು ಕೂರಿಸಿಕೊಂಡೆ.

24 ಆಗಸ್ಟ್, ಭಾನುವಾರ.

ಹೋಟೆಲಿನ ಬಾಗಿಲಿಗೆ ಮುನಿಶಾಮಪ್ಪನವರ ನೋಟೀಸು: 'ಹಿತೈಷಿ ಮಹಾಶಯರು ದಯವಿಟ್ಟು ಮೈದಾನಕ್ಕೆ ಬಂದು ನನ್ನ ಪಕ್ಕದ ಆಸನದಲ್ಲಿ ಕೂರಬೇಕಾಗಿ ಕೋರಿಕೆ.'

ನಿಜವಾಗಿ ಕುರ್ಚಿ ಹಾಕಿದ್ದಾರೆ. ಬೇಲಿಯ ಸಂದಿನಲ್ಲಿ ನೋಡಿದೆ. ಕೈ ಇರುವ ಮರದ ಕುರ್ಚಿ, ಮೇಲೊಂದು ಟವೆಲು. ನಿಲ್ಲಲು ಜಾಗವಿಲ್ಲದಷ್ಟು ಜನ, ಆದರೂ ಅದರಲ್ಲಿ ಯಾರೂ ಕೂರಲಿಲ್ಲ. ಆಟ ಮುಗಿಯುವವರೆಗೂ ಖಾಲಿ.

ಮಹಾಶಯರು! ಮನೆಗೆ ಬಂದು ಅತ್ತೆ.

31 ಆಗಸ್ಟ್.

ಕುರ್ಚಿ ಖಾಲಿ.

7 ಸೆಪ್ಟೆಂಬರ್.

ಸೆಮಿಫೈನಲ್ ಗೆದ್ದೆವು. ಕುರ್ಚಿ ಖಾಲಿ. ಇವತ್ತು ಉಪ್ಪು ತಂದೆನೋ ಸಕ್ಕರೆಯೋ, ಅದೂ ನೆನಪಿಲ್ಲ.

11 ಸೆಪ್ಟೆಂಬರ್, ಗುರುವಾರ.

ಆವಲಪ್ಪ ತಮ್ಮನ ಕಾಗದ ತಂದರು. ಕೊಟ್ಟ ಮೇಲೂ ಹೋಗಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಭಾನುವಾರ ಫೈನಲ್ಲು ಟೀಚರಮ್ಮ. ಚಿಂತಾಮಣಿಯೋರ ಮೇಲೇನೇ."

"ಹೌದಾ," ಅಂದೆ. ಏನೂ ತಿಳಿಯದವಳ ಹಾಗೆ.

"ವೆಂಕಟರಾಮಪ್ಪ ಬೆಂಗಳೂರಿಂದ ಒಬ್ಬ ಫಾರ್ವರ್ಡನ್ನ ಮುನ್ನೂರೈವತ್ತು ಕೊಟ್ಟು ತಂದವ್ನೆ. ಫೈನಲ್‌ನಲ್ಲಿ ಹಳೇ ಥರಾನೇ ಐದೂ ಜನ ನುಗ್ಬೇಕು, ಸೆಂಟರ್ ಹಾಫೂ ಅವ್ರ ಜೊತೇಲೇ ಮುಂದಕ್ಕೆ ಹೋಗ್ಬೇಕು ಅಂತ ಕಮಿಟೀಲಿ ಹಟ. ಮುನಿಶಾಮಪ್ಪ ಒಪ್ಲಿಲ್ಲ. ಅದಕ್ಕೆ ಕಮಿಟಿಯೋರು ಏನಂದ್ರು ಗೊತ್ತಾ? 'ಹೆಸರಿಲ್ದೋನ ಕಾರ್ಡು ಹಿಡ್ಕೊಂಡು ತಂಡ ನಡೆಸ್ತೀಯಾ? ಆ ಹಿತೈಷಿ ಎದುರಿಗೆ ಬಂದು ಕುರ್ಚೀಲಿ ಕೂತು ಹೇಳ್ಲಿ, ಕೇಳ್ತೀವಿ. ಬರ್ಲಿಲ್ಲಾಂದ್ರೆ ನಾವು ಹೇಳ್ದಂಗೆ ಆಡ್ಸು, ಇಲ್ಲಾ ಮ್ಯಾನೇಜರ್ ಕೆಲ್ಸ ಬಿಡು.' ಅವ್ರು ಬಿಡ್ತೀನಿ ಅಂತಾವ್ರೆ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ನನಗ್ಯಾಕೆ ಇದೆಲ್ಲ ಹೇಳ್ತೀರಾ ಆವಲಪ್ಪನೋರೇ?"

ಅವರು ನೆಲ ನೋಡಿದರು. "ನಿಮ್ ಸ್ಕೂಲ್ ಗೇಟಿನ ಡಬ್ಬಿ ಎತ್ತೋನು ನಾನೇ ಅಲ್ವಾ ತಾಯಿ. ಬೇಸಿಗೆ ರಜದಲ್ಲಿ ಅದ್ರಲ್ಲಿ ಹಲ್ಲಿ ಮೊಟ್ಟೆ ಬಿಟ್ರೆ ಏನೂ ಇರಲ್ಲ, ಕಾಗದ ಹಾಕೋರು ನೀವು ಟೀಚರ್‌ಗಳೇ. ಅವ್ರಲ್ಲಿ ಆಟದ ಮಾತಿಗೆ ಕಿಟಕಿಯಾಚೆ ನಕ್ಕೋರು ನೀವೊಬ್ರೇ. ಮೊದಲ್ನೇ ಕಾರ್ಡಿಗೇ ಗೊತ್ತಾಯ್ತು. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ." ಮೆಟ್ಟಿಲಿಳಿದು ತಿರುಗಿದರು. "ಆವತ್ತು ಬೆಂಚು ಎತ್ಸಿದ್ದು ನಾನೇ. ತಪ್ಪಾಯ್ತು ಅನ್ಸುತ್ತೆ."

12 ಸೆಪ್ಟೆಂಬರ್.

ಹೆಡ್‌ಮಿಸ್ಟ್ರೆಸ್ ಅಮ್ಮಾಜಮ್ಮನವರು ಏನೆನ್ನುತ್ತಾರೆ? ಇನ್‌ಸ್ಪೆಕ್ಟರಿಗೆ ಬರೆಯುತ್ತಾರೆ. 'ವಿಧವೆ, ಶಿಕ್ಷಕಿ, ಸಾವಿರ ಗಂಡಸರ ನಡುವೆ ಕುರ್ಚಿ ಹಾಕಿಕೊಂಡು…' ಊರು ಇನ್ನೂ ಕೆಟ್ಟದ್ದು ಹೇಳುತ್ತದೆ. ಇನ್ನೊಂದು ಕಾರ್ಡು ಬರೆಯೋಣವೆಂದು ಕೂತೆ. ಎಡಗೈಯಲ್ಲಿ ಎರಡು ಸಾಲು ಬರೆದು ಹರಿದು ಹಾಕಿದೆ. ಇನ್ನು ಕಾರ್ಡನ್ನು ಯಾರು ನಂಬುತ್ತಾರೆ?

ಭಯವಾಗುತ್ತದೆ. ಆದರೆ ಖಾಲಿ ಕುರ್ಚಿ ನೆನೆಸಿಕೊಂಡರೆ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು. ಅದು ನನ್ನದು.

14 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ ಮೂರೂವರೆ.

ನಾಲ್ಕೂವರೆಗೆ ಆಟ. ಚಿಂತಾಮಣಿಯವರು ಸಣ್ಣ ರೈಲಿನಲ್ಲಿ ಬಂದಿಳಿದರಂತೆ, ಬೀದಿಯಲ್ಲಿ ತಮಟೆ ಸದ್ದು. ನೀಲಿ ಅಂಚಿನ ಸೀರೆ ಉಟ್ಟೆ. ಬಿಚ್ಚಿದೆ. ಮತ್ತೆ ಉಟ್ಟೆ. ಛತ್ರಿ ಬೇಡ, ಇವತ್ತು ಮರೆಯಾಗಿ ನೋಡಲು ಹೋಗುತ್ತಿಲ್ಲ… ಹೋಗುತ್ತೇನೆಯೇ? ಆಗಲೇ ಎರಡು ಸಲ ಕೂತು ಎದ್ದೆ. ಬರೆಯುತ್ತಿದ್ದರೆ ಸ್ವಲ್ಪ ಧೈರ್ಯ.

ಹಿಂದೆ ಏನೋ ಎಳೆಯುವ ಸದ್ದು. ಕಿಟಕಿಯ ಕೆಳಗೇ. ಬೆಂಚು!

ವೆಂಕಟರಾಮಪ್ಪನ ದನಿ: "ಇಲ್ಲಿಗ್ಯಾಕೋ ತಂದು ಹಾಕ್ತೀಯಾ? ಟೀಚರಮ್ಮನಿಗೆ ತೊಂದ್ರೆ ಆಗಲ್ವೇನೋ?"

ಆವಲಪ್ಪ: "ಇಲ್ಲ ಬಿಡಯ್ಯಾ. ಟೀಚರಮ್ಮ ಇವತ್ತು ಮನೇಲಿರಲ್ಲ."

ಹನ್ನೊಂದು ಬೀಜ. ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿದೆ. ಬೀಗ ಇಲ್ಲೇ ಇಟ್ಟಿದ್ದೆ, ಬೀಗದ ಕೈ ಎಲ್ಲಿ—