ಹಾಡ್, ಹಾಡ್!

ಅಪ್ಪಾ,

ನಿಮ್ಮ ಮೊಮ್ಮಗಳು ಶ್ರದ್ಧಾ ಇವತ್ತು ನಮ್ಮ ಡೊಂಬಿವಲಿ ಸೊಸೈಟಿಯ ಗಣಪತಿ ಪೆಂಡಾಲಿನಲ್ಲಿ ಹಾಡಿದಳು. ಹೌದು, ನೀವು ಹಾರ್ಮೋನಿಯಂ ಹಿಡಿದು "ಹಾಡ್, ಹಾಡ್" ಎಂದೊಡನೆ ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದವಳೇ!

ಇವತ್ತೂ ಮೈಕಿನ ಮುಂದೆ ಅವಳ ಬಾಯಿ ಕಟ್ಟಿತು. ನಾನು ತಡೆಯಲಾರದೆ "ಹಾಡ್!" ಎಂದು ಕೂಗಿದೆ. ವೇದಿಕೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು. ಮರಾಠಿಯಲ್ಲಿ ನಾಯಿ ಓಡಿಸುವ ಕೂಗೂ ಅದೇ ನೋಡಿ. ಜನ ನಕ್ಕರು, ಅವಳೂ ನಕ್ಕಳು, ನಗುತ್ತಲೇ ಹಾಡಿಬಿಟ್ಟಳು.

ಮನೆಗೆ ಬಂದು ಕೇಳಿದೆ: "ಅಜ್ಜ ಹೇಳಿದಾಗ ಯಾಕೆ ಓಡ್ತಿದ್ದೆ?"

"ಅಜ್ಜನೇ ಓಡಿಸ್ತಿದ್ರಲ್ಲ, ಮಮ್ಮಿ!"

ಮಗುವಿಗೆ ನಿಮ್ಮ ಸ್ವರ ಹಿಡಿಸದೆಂದು ನೀವು ಮುಚ್ಚಿಟ್ಟ ಹಾರ್ಮೋನಿಯಂ ಈಗ ಅವಳ ಮುಂದಿದೆ. ಹಾರ ಹಾಕಿದ ನಿಮ್ಮ ಫೋಟೋ ನೋಡಿ "ಹಾಡ್, ಅಜ್ಜಾ" ಎನ್ನುತ್ತಿದ್ದಾಳೆ.

ನೀವು ಓಡಬೇಡಿ.