ಹಿಂದಿನ ಸೀಟಿನ ಕಾಲು

ಹಾರಾಟ ಶಾಲೆಯ ವಸತಿಗೃಹ,
ಎರಡನೇ ಮಹಡಿ
೧೪ನೇ ತಾರೀಖು, ಶುಕ್ರವಾರ

ಪ್ರೀತಿಯ ಅಣ್ಣನಿಗೆ,

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನೂ ಅಮ್ಮನೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆಂದು ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಕೊನೆಯ ಪರೀಕ್ಷೆ, ಪದಕದ ಕವಾಯತು, ಆಮೇಲೆ ಒಂದು ತೀರ್ಮಾನ, ಇವುಗಳ ನಡುವೆ ಪೆನ್ನು ಹಿಡಿಯಲು ಆಗಲಿಲ್ಲ. ನಿಜ ಹೇಳಬೇಕೆಂದರೆ ತೀರ್ಮಾನ ಆಗುವ ತನಕ ನಿನಗೆ ತಿಳಿಸಬಾರದೆಂದೇ ಸುಮ್ಮನಿದ್ದೆ. ನೀನು ಬೇಡ ಅನ್ನುತ್ತೀಯೆಂದು ಗೊತ್ತಿತ್ತು.

ಮೊದಲು ಒಳ್ಳೆಯ ಸುದ್ದಿ. ಇಡೀ ತಂಡಕ್ಕೆ ನಾನೇ ಮೊದಲು! ಅಮ್ಮ ಹೊಲಿದುಕೊಡದ ಪ್ಯಾಂಟಿನಲ್ಲೇ ಹೋಗಿ ಪದಕ ತೆಗೆದುಕೊಂಡೆ. ಅಂಚು ಮಡಿಚಿದ್ದು ನಾನೇ ಅಲ್ಲವೇ, ಎಡಗಾಲು ಅರ್ಧ ಬೆರಳು ಉದ್ದ. ಹಿಂದಿನ ಸಾಲಿನವರು ಕವಾಯತಿನುದ್ದಕ್ಕೂ ಅದನ್ನೇ ನೋಡಿ ನಕ್ಕರಂತೆ, ನಗಲಿ ಬಿಡು. ಊರಿಗೆಲ್ಲ ಬಟ್ಟೆ ಹೊಲಿಯುವ ಅಮ್ಮ, ಏಳು ವರ್ಷದ ಹಿಂದೆ ನೀನು ಇಲ್ಲಿಂದ ಟ್ರಂಕು ಹೊತ್ತು ಮನೆಗೆ ಬಂದ ದಿನದಿಂದ ಒಂದು ಸಮವಸ್ತ್ರಕ್ಕೂ ಸೂಜಿ ಮುಟ್ಟಿಸಿಲ್ಲ. ಯಾರು ಬಂದು ಕೇಳಿದರೂ "ಅದೊಂದು ನಮ್ಮಲ್ಲಿ ಹೊಲಿಯಲ್ಲ" ಎಂದು ಬಾಗಿಲಲ್ಲೇ ಕಳಿಸುತ್ತಾಳೆ. ನನಗೂ ಹಾಗೇ ಹೇಳಿದಳು. ಅವಳ ಸಿಟ್ಟು ಯಾರ ಮೇಲೆಂದು ನಮ್ಮಿಬ್ಬರಿಗೂ ಗೊತ್ತು.

ಈಗ ತೀರ್ಮಾನದ ವಿಷಯ. ಮೊದಲು ಬಂದವರು ತಮಗೆ ಬೇಕಾದ ವಿಮಾನ ಆರಿಸಿಕೊಳ್ಳಬಹುದು. ನಾನು ಯುದ್ಧವಿಮಾನ ಎಂದು ಬರೆದುಕೊಟ್ಟಾಗಿತ್ತು. ಮೂರು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾಲ್ಕನೇ ದಿನ ಶಾಲೆಯ ಮುಖ್ಯಸ್ಥರು ಕರೆಸಿ, "ಇಲ್ಲೇ ಉಪಾಧ್ಯಾಯಿನಿಯಾಗಿ ಉಳೀತೀರಾ? ಮೂರು ವರ್ಷ. ಬಲವಂತ ಇಲ್ಲ, ಬುಧವಾರ ಹೇಳಿ" ಅಂದರು. ಸ್ನೇಹಿತರಿಗೆ ಹೇಳಿದರೆ ಮುಗಿಬಿದ್ದರು. ನನ್ನ ಕೋಣೆಯ ಜೊತೆಗಾತಿ, ತಂಡದಲ್ಲಿ ಎರಡನೆಯವಳು, "ತಲೆ ಕೆಟ್ಟಿದೆಯಾ ನಿನಗೆ? ಮೂರು ವರ್ಷ ಹಿಂದಿನ ಸೀಟಲ್ಲಿ ಕೂತು ಮಕ್ಕಳ ವಾಂತಿ ಒರೆಸ್ತೀಯಾ? ಅಷ್ಟೊತ್ತಿಗೆ ನಾವೆಲ್ಲ ನಿನಗಿಂತ ಮೇಲೆ ಇರ್ತೀವಿ" ಅಂದಳು. ಒಬ್ಬ ಹಿರಿಯ ಪೈಲಟ್ ಮಾತ್ರ, "ಕಲಿಸಿದವರ ಕೈ ಪಳಗುತ್ತೆ. ಇನ್ನೊಬ್ಬರ ತಪ್ಪನ್ನು ಸಾವಿರ ಸಲ ನೋಡಿದವರು ಯುದ್ಧದಲ್ಲಿ ತಬ್ಬಿಬ್ಬಾಗಲ್ಲ" ಅಂದರು. ಇರಬಹುದು. ಆದರೂ ಬೇಡವೆಂದೇ ಹೇಳಲು ಹೊರಟಿದ್ದೆ.

ಹೋಗುವ ದಾರಿಯಲ್ಲಿ ಬಿಲ್ಲೆಗಳ ಹಲಗೆ ಸಿಕ್ಕಿತು. ನಿನಗೆ ನೆನಪಿದೆಯಲ್ಲ, ಹೊಸ ವಿದ್ಯಾರ್ಥಿಗಳ ಹೆಸರು ಕೊರೆದ ತಗಡಿನ ಬಿಲ್ಲೆಗಳನ್ನು ಮೊಳೆಗಳಿಗೆ ನೇತುಹಾಕುತ್ತಾರೆ, ಉಪಾಧ್ಯಾಯರು ತಮ್ಮ ಶಿಷ್ಯರನ್ನು ಆರಿಸಲು ಸರದಿಯಂತೆ ಮೂರು ಮೂರು ಎತ್ತಿಕೊಳ್ಳುತ್ತಾರೆ. ಎರಡನೇ ಸಾಲಿನಲ್ಲಿ ಕೆಂಪು ಪೆನ್ಸಿಲಿನ ಮಗನ ಬಿಲ್ಲೆ ಇತ್ತು.

ಹೌದು ಅಣ್ಣ, ನಿನಗೆ ಹಾರಲು ಕಲಿಸಿದ ಅದೇ ಕೆಂಪು ಪೆನ್ಸಿಲ್ ಮೇಷ್ಟ್ರು. ಇನ್ನೂ ಇಲ್ಲೇ ಇದ್ದಾರೆ, ಈಗ ಹಾರುವುದಿಲ್ಲ, ತರಗತಿಯಲ್ಲಿ ಪಾಠ ಮಾಡುತ್ತಾರೆ. ಜೇಬಿನಲ್ಲಿ ಆ ಪೆನ್ಸಿಲ್ ಹಾಗೇ ಇದೆ. ಒಂದು ಸಲ ಮೆಟ್ಟಿಲಲ್ಲಿ ತಡೆದು "ನಿಮ್ಮಣ್ಣ ಹೇಗಿದ್ದಾನೆ?" ಎಂದು ಕೇಳಿದರು. "ಬದುಕಿದ್ದಾರೆ ಸರ್" ಅಂದೆ. ಮತ್ತೇನೋ ಹೇಳಲು ಬಾಯಿ ತೆರೆದರು, ನಾನು ಕಾಯಲಿಲ್ಲ.

ನೀನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ್ದು ಅಕ್ಷರಕ್ಷರವೂ ನೆನಪಿದೆ. "ಇಳಿಯೋವಾಗ ಹಿಂದಿನ ಸೀಟಿಂದ ಅವರು ಬ್ರೇಕ್ ಮೇಲೆ ಕಾಲಿಟ್ಟಿದ್ರು. ಟೈರ್ ಸಿಡೀತು, ವಿಮಾನ ಹುಲ್ಲಿಗೆ ನುಗ್ಗಿತು. ಕಾಲು ಅವರದು, ತಪ್ಪು ನನ್ನದು ಅಂತ ಬರೆದುಬಿಟ್ರು." ಅಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ. ನನಗೆ ಹದಿನಾರು ವರ್ಷ. ಅವತ್ತೇ ಈ ಶಾಲೆಗೆ ಬರಬೇಕೆಂದು ಹಟ ಹಿಡಿದೆ. ಹಾರುವ ಆಸೆಯಿಂದಲ್ಲ, ಹಾರುವ ಆಸೆ ಆಮೇಲೆ ಬಂತು.

ಮುಖ್ಯಸ್ಥರ ಕೋಣೆಗೆ ಹೋಗಿ "ಉಳೀತೀನಿ ಸರ್" ಅಂದೆ. ಸಹಿ ಹಾಕಿದೆ. ಯುದ್ಧವಿಮಾನದ ನನ್ನ ಜಾಗಕ್ಕೆ ಎರಡನೆಯವಳು ಹೋದಳು, ನನ್ನನ್ನು ತಬ್ಬಿಕೊಂಡು ಅತ್ತಳು, ಖುಷಿಗೋ ಕನಿಕರಕ್ಕೋ. ನನಗೆ ಕಣ್ಣೀರು ಬರಲಿಲ್ಲ. ನಿನ್ನೆ ಬಿಲ್ಲೆ ಎತ್ತುವ ಸರದಿ ನನ್ನಿಂದಲೇ ಶುರುವಾಯಿತು. ಮೊದಲು ಎತ್ತಿದ್ದು ಕೆಂಪು ಪೆನ್ಸಿಲಿನ ಮಗನದೇ.

ಏನು ಮಾಡುತ್ತೇನೆಂದು ಕೇಳು. ಹನ್ನೊಂದು ಹಾರಾಟಗಳಲ್ಲಿ ಅವನನ್ನು ಹೊಗಳುತ್ತೇನೆ. ಊಟದ ಮೇಜಿನಲ್ಲಿ ಅಪ್ಪನೆದುರು ಎದೆ ಉಬ್ಬಿಸಿ ಕೂರಲಿ. ಹನ್ನೆರಡನೆಯದರಲ್ಲಿ, ಚಕ್ರ ನೆಲ ಮುಟ್ಟುವ ಹೊತ್ತಿಗೆ, ನನ್ನ ಕಾಲೂ ಬ್ರೇಕ್ ಮೇಲಿರುತ್ತದೆ. ಮುಂದಿನ ಸೀಟಿನವನಿಗೆ ಅದು ಕಾಣುವುದಿಲ್ಲ. ಆಮೇಲೆ ಕೆಂಪು ಬಣ್ಣದಲ್ಲೇ ಬರೆಯುತ್ತೇನೆ: ವಿದ್ಯಾರ್ಥಿಯ ತಪ್ಪು. ಮಗ ಟ್ರಂಕು ಹೊತ್ತು ಹೋಗುವುದನ್ನು ಆ ಮನುಷ್ಯ ತರಗತಿಯ ಕಿಟಕಿಯಿಂದ ನೋಡಬೇಕು. ಅಪಾಯ ಎಂದು ನೀನು ಬೆಚ್ಚಬೇಡ, ಹುಲ್ಲಿಗೆ ನುಗ್ಗಿದರೆ ಯಾರೂ ಸಾಯುವುದಿಲ್ಲ, ನೀನು ಸತ್ತೆಯಾ?

ಕಾರು ಕಲಿಸುವ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಸೀಟಿನ ಕೆಳಗೂ ಒಂದು ಬ್ರೇಕ್ ಇದೆಯಲ್ಲ. "ಕಲಿಸುವವನ ಕಾಲು ಎಲ್ಲಿದೆ ಅಂತ ಕಲಿಯುವವನಿಗೆ ಗೊತ್ತಾಗಲ್ಲ ಕಣೆ" ಎಂದು ನೀನೇ ಒಮ್ಮೆ ನಕ್ಕಿದ್ದೆ.

ಅಮ್ಮನ ಕನ್ನಡಕ ಬದಲಾಯಿಸು, ಸೂಜಿಗೆ ದಾರ ಹಾಕಲು ಒದ್ದಾಡುತ್ತಿದ್ದಾಳೆಂದು ನೀನೇ ಬರೆದಿದ್ದೆ. ಅವಳಿಗೆ ನಮಸ್ಕಾರ ಹೇಳು. ನೀನು ಚೆನ್ನಾಗಿರು, ನಿನ್ನ ವಿದ್ಯಾರ್ಥಿಗಳು ಯಾರ ಗೋಡೆಗೂ ಗುದ್ದದಿರಲಿ. ನಿನ್ನ ಲೆಕ್ಕವನ್ನು ನಾನು ತೀರಿಸುತ್ತೇನೆ.

ಇಂತಿ ನಿನ್ನ
ಜಗಳಗಂಟಿ

ಮತ್ತೆ ಬರೆದದ್ದು: ೨೦ನೇ ತಾರೀಖು, ಗುರುವಾರ. ಸ್ಟ್ಯಾಂಪ್ ಇಲ್ಲದೆ ಕಾಗದ ಇಲ್ಲೇ ಉಳಿದಿತ್ತು. ಹೊಸ ಉಪಾಧ್ಯಾಯರು ಮೊದಲ ವಾರ ಹಳೆಯ ವಿದ್ಯಾರ್ಥಿಗಳ ಹಾರಾಟ ಪುಸ್ತಕಗಳನ್ನು ಓದಬೇಕು, ಬಿಟ್ಟುಹೋದವರದನ್ನೂ. ಇವತ್ತು ನಿನ್ನದು ತೆಗೆದೆ.

ಆ ಇಳಿತದ ಪುಟದಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದಿದೆ: "ಬ್ರೇಕ್ ಮೇಲೆ ಇದ್ದದ್ದು ನನ್ನ ಕಾಲು. ವಿದ್ಯಾರ್ಥಿಯ ತಪ್ಪು ಏನೂ ಇಲ್ಲ. ಮತ್ತೆ ಹಾರಲಿ." ಕೆಳಗೆ ಮರುಹಾರಾಟದ ಮೂರು ತಾರೀಖುಗಳು, ಮೂರರ ಎದುರೂ "ಬರಲಿಲ್ಲ". ಅದರ ಕೆಳಗೆ ನಿನ್ನ ಬಲಕ್ಕೆ ವಾಲಿದ ಅಕ್ಷರ: "ನನಗೆ ಭಯವಾಗುತ್ತಿದೆ. ನಾನಾಗಿಯೇ ಬಿಡುತ್ತಿದ್ದೇನೆ."

ಓಡಿಹೋಗಿ ಅವರನ್ನು ಕೇಳಿದೆ. ಹಾಗೆ ಬರೆದದ್ದಕ್ಕೆ ಅವರ ಹಾರಾಟವನ್ನೇ ನಿಲ್ಲಿಸಿದರಂತೆ. ನನಗೇಕೆ ಹೇಳಲಿಲ್ಲ ಎಂದರೆ, "ಅದು ನಿಮ್ಮಣ್ಣ ಹೇಳಬೇಕಾದ ಮಾತಮ್ಮ" ಅಂದರು.

ಹೆದರಿದೆ ಅಂದಿದ್ದರೆ ನಿನ್ನನ್ನು ಕೀಳಾಗಿ ಕಾಣುತ್ತಿದ್ದೆನೇ ಅಣ್ಣ? ಹದಿನಾರರಿಂದ ಈ ಹಗೆಯನ್ನು ಸಾಕಿದ್ದೇನೆ. ಅದಕ್ಕಾಗಿ ನನ್ನ ವಿಮಾನ ಬಿಟ್ಟುಕೊಟ್ಟೆ. ಮುಂದಿನ ತಿಂಗಳು ಒಂದು ಮಗುವಿನ ಕೆಳಗೆ ಟೈರ್ ಸಿಡಿಸುತ್ತಿದ್ದೆ. ಅವನ ಬಿಲ್ಲೆ ನನ್ನಲ್ಲೇ ಇದೆ, ಅವನನ್ನು ನಾನೇ ಇಳಿಸುತ್ತೇನೆ, ಎರಡೂ ಕಾಲು ಹಿಂದಕ್ಕೆಳೆದುಕೊಂಡು.

ನಿನ್ನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ. ಆ ಪುಟವನ್ನು ಕೈಯಾರೆ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿರುವಾಗ ಹತ್ತಿರ ನಿಂತು ನೀನೇ ಓದಿ ಹೇಳು, ನಿನ್ನ ಎರಡು ಸಾಲನ್ನೂ ಸೇರಿಸಿ. ಪಾರ್ಸೆಲಿನಲ್ಲಿ ನನ್ನ ಪ್ಯಾಂಟು ಕಳಿಸುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಅವಳ ಕೈಗೆ ಕೊಡು. ಎಡಗಾಲು, ಅರ್ಧ ಬೆರಳು.