ಗಂಗಯ್ಯನ ಹೊತ್ತು

ಬೆಟ್ಟದಕೊಪ್ಪಲು, ಅರಕಲಗೂಡು ತಾಲ್ಲೂಕು
೨೫ ಸೆಪ್ಟೆಂಬರ್ ೨೦೨೪, ಬುಧವಾರ ಬೆಳಗ್ಗೆ

ಪ್ರೀತಿಯ ಅಣ್ಣಯ್ಯಾ,

ಹೆಂಗಿದ್ದೀಯ? ಮೊದಲು ಅದನ್ನ ಹೇಳು, ಆಮೇಲೆ ಬೈಯುವಿಯಂತೆ. ಶ್ರವಣಬೆಳಗೊಳದಲ್ಲಿ ಬಸ್ಸು ನಿಂತಾಗ ನಮ್ಮ ಕಂಡಕ್ಟರ್ ದಿಲೀಪ ನಿನ್ನನ್ನ ನೋಡಿದನಂತೆ. ಲಾಡ್ಜಿನಲ್ಲಿ ಯಾತ್ರಿಕರಿಗೆ ಬಕೆಟ್ಟಲ್ಲಿ ಬಿಸಿನೀರು ಹೊತ್ಕೊಂಡು ಮಹಡಿ ಹತ್ತುತ್ತಿದ್ದೆಯಂತೆ. "ಬಾಳ ಸೊರಗ್ಬುಟ್ಟವ್ನೆ ಕಣಕ್ಕ, ಗ್ವಾಡೆ ಮ್ಯಾಲಿನ ಸ್ವಿಚ್ ಸೈತ ಮುಟ್ಟಾಕಿಲ್ಲ, ಬ್ಯಾರೆಯೋರ ಕೈಲಿ ಆಕುಸ್ತಾನೆ" ಅಂದ. ಹತ್ತೊಂಬತ್ತು ವರ್ಷ ಕಂಬ ಹತ್ತಿದ ಕೈ ಅದು. ಫೋನಂತೂ ಇಟ್ಟುಕೊಂಡಿಲ್ಲ, ಅದಕ್ಕೇ ಈ ಕಾಗದ. ಅವ್ವನಿಗೆ ಮಂಡಿನೋವು ಬಿಟ್ರೆ ಬೇರೇನಿಲ್ಲ, ಬಾಯಿ ಮಾತ್ರ ಗಟ್ಟಿಯಾಗಿದೆ. ನಿನ್ನ ಮಗಳು ಧನ್ಯಾ ಪಿಯುಸಿಗೆ ಸೇರಿದಳು. ಅಪ್ಪ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಅದೇ ನಿನ್ನ ಹುಬ್ಬು ಗಂಟು ಹಾಕ್ತಾಳೆ. ಅತ್ತಿಗೆ ಕಾಗದ ಬರೆಯಲ್ಲ ಅಂತ ಹಟ ಹಿಡಿದಿದ್ದಾಳೆ, ಆದ್ರೆ ನಾನು ಬರೆಯೋಕೆ ಕೂತಾಗಿಂದ ಇಲ್ಲೇ ಸುಳಿದಾಡ್ತಾ ಇದ್ದಾಳೆ. ಬರೋ ಬುಧವಾರ ಮಹಾಲಯ ಅಮಾವಾಸ್ಯೆ. ಮಗ ಇಲ್ಲದೆ ಅಪ್ಪನಿಗೆ ಎಡೆ ಇಟ್ಟು ಎರಡು ಪಕ್ಷ ಆಯ್ತು. ಮೂರನೇದೂ ಹಂಗೇ ಆದ್ರೆ ತಾನು ಊಟ ಮುಟ್ಟಲ್ಲ ಅಂತ ಅವ್ವ ಕೂತಿದ್ದಾಳೆ.

ಸಂಘದ ಸಮಾಚಾರ ಹೇಳ್ತೀನಿ, ಕೇಳು. ಮೂರೂರಿನೋರು ತಾವೇ ಗುಂಡಿ ತೋಡಿ, ಕಂಬ ನೆಟ್ಟು ಮಾಡ್ಕೊಂಡ ಕರೆಂಟಿನ ಸಂಘ ಇದು ಅಂತ ಅಪ್ಪ ಹೆಮ್ಮೆಯಿಂದ ಹೇಳ್ತಿದ್ರಲ್ಲ, ಆ ಹೆಮ್ಮೆಗೇನೂ ಮೋಸ ಇಲ್ಲ. ಹೋದ ತಿಂಗಳು ಕೆಳಗಲ ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯ್ತು. ಶುಂಠಿಗೆ ನೀರು ಬಿಡೋ ಕಾಲ, ಎಲ್ಲರ ಮುಖ ಸಪ್ಪೆ. ಯಾರ ಮನೆ ಟ್ರ್ಯಾಕ್ಟರೋ, ಯಾರ ಮನೆ ಹಗ್ಗವೋ, ಹಾಸನದಿಂದ ಬೇರೆ ಟೀಸಿ ತಂದು ಇಪ್ಪತ್ತು ಜನ ಎಳೆದು ಕೂರಿಸಿ, ಹೊತ್ತು ಮುಳುಗೋದರೊಳಗೆ ಮೋಟರ್ ಓಡ್ಸಿದ್ರು. ನಾಲ್ಕುನೂರು ಸದಸ್ಯರು ಅಂದ್ರೆ ನಾಲ್ಕುನೂರು ಯಜಮಾನರು. ಕರೆಂಟ್ ಹೋದ್ರೆ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿರೋ ನನಗೆ ಫೋನ್ ಮಾಡಿ ಬೈಯೋದೂ ಯಜಮಾನರ ಥರಾನೇ.

ಆದ್ರೆ ನೀನು ಹೋದಾಗಿಂದ ಇಲ್ಲಿ ಒಂದು ನಡೀತಾ ಇದೆ ಅಣ್ಣಯ್ಯಾ. ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ದಿನಾ ಸಾಯಂಕಾಲ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಲೈನ್ ಟ್ರಿಪ್ ಆಗುತ್ತೆ. ಮೊದಲು ಬಲ್ಬು ಒಂದ್ಸಲ ಮಂಕಾಗುತ್ತೆ, ಆಮೇಲೆ ಹೋಗುತ್ತೆ. ಹನ್ನೊಂದು ನಿಮಿಷ ಏನು ಮಾಡಿದ್ರೂ ವಾಪಸ್ ಬರಲ್ಲ. ಹನ್ನೆರಡನೇ ನಿಮಿಷಕ್ಕೆ ಸ್ವಿಚ್ ಒತ್ತಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಬರುತ್ತೆ. ಹೊಳೆನರಸೀಪುರದಿಂದ ಒಬ್ಬ ಎಂಜಿನಿಯರ್ ಬಂದು ಬ್ರೇಕರ್ ಬಿಚ್ಚಿ ನೋಡಿದ, ವೈರೆಲ್ಲ ಬದಲಾಯಿಸಿದ. ಮಾರನೇ ದಿನ ನಾಲ್ಕು ನಲವತ್ತಕ್ಕೆ ಮತ್ತೆ ಹೋಯ್ತು. ನಿನ್ನ ಜೋಡಿ ಲೈನ್‌ಮನ್ ಗಂಗಯ್ಯಣ್ಣನನ್ನ ಆವತ್ತು ಅದೇ ಹೊತ್ತಲ್ಲಿ ಕೆರೆಕೋಡಿ ಕಂಬದಿಂದ ಇಳಿಸೋಕೆ ಹಿಡಿದದ್ದೂ ಹನ್ನೊಂದು ನಿಮಿಷ, ನಿನಗೇ ಗೊತ್ತಲ್ಲ. ಈಗ ಊರು ಅದಕ್ಕೆ ಒಗ್ಗಿಹೋಗಿದೆ, ಅದೇ ನನಗೆ ಹೆಚ್ಚು ಭಯ. ನಮ್ಮ ಅಧ್ಯಕ್ಷರು ಈಶ್ವರಯ್ಯನೋರು ನಾಲ್ಕೂವರೆಗೇ ಹಿಟ್ಟಿನ ಗಿರಣಿ ನಿಲ್ಲಿಸಿಬಿಡ್ತಾರೆ. ಹೆಂಗಸರು "ಗಂಗಯ್ಯನ ಹೊತ್ತಾಯ್ತು" ಅಂತ ಮಿಕ್ಸಿ ಬಿಟ್ಟು ಜಗಲಿ ಮೇಲೆ ಬಂದು ಕೂರ್ತಾರೆ. ಹನ್ನೊಂದು ನಿಮಿಷ ಮೂರೂರಿನಲ್ಲಿ ಯಾರೂ ಮಾತಾಡಲ್ಲ.

ಇನ್ನೊಂದಿದೆ. ಇದನ್ನ ನೋಡಿದವಳು ನಾನೊಬ್ಬಳೇ. ಸ್ವಿಚ್ ಪಕ್ಕದ ಹಲಗೆ ಮೇಲೆ ನಿಮ್ಮ ಹಿತ್ತಾಳೆ ಬಿಲ್ಲೆಗಳಿವೆಯಲ್ಲ, ಕಂಬ ಹತ್ತೋನು ತನ್ನ ಬಿಲ್ಲೆ ತೆಗೆದು ಜೇಬಿಗೆ ಹಾಕ್ಕೋಬೇಕು, ಇಳಿದು ಬಂದು ತನ್ನ ಕೈಯಾರೆ ಮೊಳೆಗೆ ಹಾಕಬೇಕು, ಒಂದು ಮೊಳೆ ಖಾಲಿ ಇದ್ದರೂ ಆಪರೇಟರ್ ಸ್ವಿಚ್ ಮುಟ್ಟಬಾರದು ಅಂತ ಅಪ್ಪನ ಕಾಲದೋರು ಕಟ್ಟು ಮಾಡಿದ್ದು. ಆ ನಾಲ್ಕನೇ ನಂಬರಿನ ಬಿಲ್ಲೆ, ಗಂಗಯ್ಯಣ್ಣಂದು, ದಿನಾ ಲೈನ್ ಹೋಗೋ ಹೊತ್ತಿಗೆ ಠಣ್ ಅಂತ ನೆಲಕ್ಕೆ ಬೀಳುತ್ತೆ. ಮೊಳೆ ತುದಿ ಕೊಕ್ಕೆಯಂಗೆ ಮೇಲಕ್ಕೆ ಬಗ್ಗಿದೆ. ಕೈಯಿಂದ ಎತ್ತಿ ತೆಗೀದೆ ಅದು ಬರೋಕೆ ಸಾಧ್ಯವೇ ಇಲ್ಲ. ಎರಡು ವರ್ಷ ದಿನಾ ಎತ್ತಿ ಎತ್ತಿ ನೇತುಹಾಕಿದೆ. ಎದುರಿಗಿರೋ ಕಿಟಕಿಯಲ್ಲಿ ಕೆರೆಕೋಡಿ ಕಂಬ ಕಾಣುತ್ತೆ. ಆ ಹೊತ್ತಿನಲ್ಲಿ ಆ ಕಡೆ ಮುಖ ಎತ್ತಿಲ್ಲ, ಎತ್ತೋ ಧೈರ್ಯವೂ ಇಲ್ಲ.

ಅದು ಯಾಕೆ ಬೀಳುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆವತ್ತು ನೀವಿಬ್ಬರೂ ಹತ್ತಿದ್ರಿ. ಇನ್ಸುಲೇಟರ್ ಬೇಕು ಅಂತ ನೀನು ಬೈಕಿನಲ್ಲಿ ಸ್ಟೇಷನ್ನಿಗೆ ಬಂದು, ಕೈ ರೂಢಿಗೆ ನಿನ್ನ ಮೂರನೇ ಬಿಲ್ಲೆ ಮೊಳೆಗೆ ಹಾಕಿ ಒಳಗೆ ಹುಡುಕೋಕೆ ಹೋದೆ. ಒಂದೇ ಸಮ ಫೋನು. "ಯಾವಾಗ್ ಕೊಡ್ತೀಯಮ್ಮ ಕರೆಂಟು, ಪೈರು ಒಣಗ್ತಾ ಅದೆ!" ನನ್ನ ತಲೆ ಕೆಟ್ಟುಹೋಗಿತ್ತು. ನಿನ್ನ ಬಿಲ್ಲೆ ಕಂಡಿತು, ಪಕ್ಕದ ಮೊಳೆ ನೋಡಲಿಲ್ಲ, ಒತ್ತಿಬಿಟ್ಟೆ. ಗಂಗಯ್ಯಣ್ಣ ಇನ್ನೂ ಮೇಲಿದ್ದರು. ನೀನು ಸತ್ತವರ ಜೇಬಿಂದ ಬಿಲ್ಲೆ ತಂದು, ಅಧ್ಯಕ್ಷರು ಬರೋದರೊಳಗೆ ನಾಲ್ಕನೇ ಮೊಳೆಗೆ ಹಾಕಿ, "ಇಬ್ರದ್ದೂ ನಾನೇ ಮರೆತು ತಂದಾಕ್ದೆ, ನನ್ ತಂಗೀದೇನೂ ತಪ್ಪಿಲ್ಲ" ಅಂದೆ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ನೀನು ಆ ತಪ್ಪು ಹೊತ್ಕೊಂಡು ಊರು ಬಿಟ್ಟೆ. ಇಳಿಯದೇ ಇರೋ ಮನುಷ್ಯನನ್ನ ಇಳಿದ ಅಂತ ಸುಳ್ಳು ಹೇಳ್ತಾ ಎರಡು ವರ್ಷ ಆ ಬಿಲ್ಲೆ ನೇತಾಡ್ತು.

ಹೋದ ಭಾನುವಾರ ಸ್ಟೇಷನ್ ಪಕ್ಕದ ಸಭಾಂಗಣದಲ್ಲಿ ಸರ್ವ ಸದಸ್ಯರ ಸಭೆ ಇತ್ತು. ಆರನೇ ವಿಷಯ, ಲೈನ್‌ಮನ್ ನಟರಾಜನ, ಅಂದ್ರೆ ನಿನ್ನ, ಹೆಸರು ಸದಸ್ಯರ ಪಟ್ಟಿಯಿಂದ ತೆಗೆಯೋದು. ಈಶ್ವರಯ್ಯನೋರು ಅದನ್ನ ಓದೋ ಹೊತ್ತಿಗೆ ಬಲ್ಬು ಮಂಕಾಯ್ತು, ಹೋಯ್ತು. ನಾಲ್ಕು ನಲವತ್ತು. ಎಲ್ಲರೂ ರೂಢಿಯಂತೆ ಸುಮ್ಮನಾದ್ರು. ನನಗೆ ಏನಾಯ್ತೋ, ಎದ್ದು ನಿಂತು ಆ ಹನ್ನೊಂದು ನಿಮಿಷದಲ್ಲಿ ಎಲ್ಲಾ ಹೇಳಿಬಿಟ್ಟೆ. ಗಂಗಯ್ಯಣ್ಣನ ಹೆಂಡತಿ ಗುರುಸಿದ್ದಮ್ಮಕ್ಕ ಮುಂದಿನ ಸಾಲಿನಲ್ಲೇ ಇದ್ದರು. ಅವರ ಮುಖ ನೋಡಿಕೊಂಡೇ ಹೇಳಿದೆ. ಬೈಯಲಿ, ಹೊಡೆಯಲಿ ಅಂತ ಕಾದೆ. ಈಶ್ವರಯ್ಯನೋರು ಟವೆಲ್ಲಿಂದ ಮುಖ ಒರೆಸಿಕೊಂಡು "ಆವತ್ತು ಮೂರ್ ಸಲ ಫೋನ್ ಮಾಡ್ದೋನು ನಾನು" ಅಂದ್ರು. ಹಿಂದಿಂದ ಇನ್ಯಾರೋ "ನಾನೂ ಮಾಡಿದ್ದೆ" ಅಂದ್ರು. ಹಂಗೇ ಒಬ್ಬೊಬ್ಬರೂ. ನಾನು ಹೋಗಿ ಸ್ವಿಚ್ ಒತ್ತಿ ಬಂದಾಗ ಬಲ್ಬಿನ ಬೆಳಕಲ್ಲಿ ಅರ್ಧ ಸಭೆ ಕಣ್ಣು ಒರೆಸ್ಕೋತಿತ್ತು. ನಿನ್ನ ಹೆಸರು ತೆಗೀಲಿಲ್ಲ. ನನಗೇನು ಶಿಕ್ಷೆ ಅಂತ ಇನ್ನೂ ತೀರ್ಮಾನ ಆಗಿಲ್ಲ, ಏನಾದ್ರೂ ಆಗಲಿ, ತಲೆ ಬಾಗಿಸ್ತೀನಿ. ಗುರುಸಿದ್ದಮ್ಮಕ್ಕ ಸ್ಟೇಷನ್ನಿಗೆ ಬಂದು ನಾಲ್ಕನೇ ಬಿಲ್ಲೆ ತೆಗೆದು ಸೆರಗಿಗೆ ಕಟ್ಟಿಕೊಂಡ್ರು. "ಇನ್ಮ್ಯಾಲೆ ಮೊಳೆ ನೋಡ್ಕಳೋ ಕೆಲ್ಸ ನಂದು" ಅಂತ ಅಲ್ಲೇ ಕುರ್ಚಿ ಹಾಕಿಸಿಕೊಂಡ್ರು. ಸೋಮವಾರ ಲೈನ್ ಹೋಗಲಿಲ್ಲ. ನಿನ್ನೆಯೂ ಹೋಗಲಿಲ್ಲ. ಗಿರಣಿ ಐದರವರೆಗೂ ಓಡ್ತು. ಇನ್ನು ನಿನಗೆ ಅಲ್ಲೇನು ಕೆಲಸ? ಬಂದುಬಿಡು.

ಅವ್ವ ಹರಸಿದ್ದಾಳೆ, ಧನ್ಯಾ ಕಾಗದದ ಮೂಲೆ ಸವರಿ ಹೋದಳು. ನಿನ್ನ ಕಾಲಿಗೆ ಬಿದ್ದಿದ್ದೀನಿ ಅಂತ ತಿಳ್ಕೋ.

ನಿನ್ನ ತಂಗಿ,
ಸ್ನೇಹಲತಾ

ಕವರ್ ಅಂಟಿಸಿದ್ದನ್ನ ಬಿಚ್ಚಿ ಬರೀತಾ ಇದ್ದೀನಿ, ಇದನ್ನ ನಿನಗೆ ತಲುಪಿಸೋ ದಿಲೀಪ ಬಸ್ಸಿಗೆ ಹೊತ್ತಾಯ್ತು ಅಂತ ಅವಸರ ಮಾಡ್ತಿದ್ದಾನೆ. ಈಗ ಸಂಜೆ ಆರೂವರೆ. ನಾಲ್ಕು ನಲವತ್ತಕ್ಕೆ ನಾನೂ ಗುರುಸಿದ್ದಮ್ಮಕ್ಕನೂ ಹಲಗೆ ಮುಂದೆಯೇ ಕೂತಿದ್ದೆವು. ಬಲ್ಬು ಮಂಕಾಯ್ತು, ಠಣ್ ಅಂತು. ನಾಲ್ಕನೇ ಬಿಲ್ಲೆ ಅವರ ಸೆರಗಿನಲ್ಲೇ ಇತ್ತು. ಬಿದ್ದದ್ದು ಮೂರನೇದು, ನಿಂದು. ಎತ್ತಿ ಹಾಕಿದೆ, ಕಣ್ಣೆದುರಿಗೇ ಮತ್ತೆ ಬಿತ್ತು. ಗುರುಸಿದ್ದಮ್ಮಕ್ಕ ಕಿಟಕಿ ಹತ್ರ ಹೋಗಿ ಕೆರೆಕೋಡಿ ಕಂಬವನ್ನ ಬಾಳ ಹೊತ್ತು ನೋಡಿದ್ರು. "ನಮ್ಮೋರು ಇಳುದ್ರು ಕಣವ್ವ. ನಿಮ್ಮಣ್ಣ ಇನ್ನೂ ಮ್ಯಾಲೇ ಅವ್ನೆ" ಅಂದ್ರು. ನಾನು ಆ ಕಡೆ ನೋಡಲಿಲ್ಲ. ಲೈನ್ ಬಂದ್ ಮಾಡಿದೆ. ನಿನ್ನ ಬಿಲ್ಲೆ ಇದೇ ಕವರಿನಲ್ಲಿದೆ. ನಿನ್ನ ಕೈಯಾರೆ ತಂದು ಮೊಳೆಗೆ ಹಾಕೋವರೆಗೂ ಸ್ವಿಚ್ ಮುಟ್ಟಲ್ಲ ಅಂತ ಮೂರೂರಿಗೂ ಹೇಳಿ ಕಳಿಸಿದ್ದೀನಿ. ಊರೆಲ್ಲ ಕತ್ತಲು. ಶುಂಠಿಗೆ ನೀರಿಲ್ಲ, ಗಿರಣಿ ಇಲ್ಲ, ನಾಲ್ಕುನೂರು ಮನೆಯೋರೂ ಜಗಲಿ ಮೇಲೆ ಕೂತಿದ್ದಾರೆ. ಇಳಿದು ಬಾ ಅಣ್ಣಯ್ಯಾ. ಕರೆಂಟ್ ಹೋಗಿ ಎರಡು ಗಂಟೆ ಹತ್ತಿರ ಆಯ್ತು, ಇವತ್ತು ಒಬ್ಬರೂ ಫೋನ್ ಮಾಡಿಲ್ಲ.